ಬಾಗಿಲ ಲೆಕ್ಕ

ನನ್ನ ಕೈಯಲ್ಲೊಂದು ಎಣಿಸುವ ಯಂತ್ರ,
ಬೆಂಕಿಪೊಟ್ಟಣದಷ್ಟು.
ಒಬ್ಬರು ಒಳಬಂದರೆ ಒಮ್ಮೆ ಒತ್ತಬೇಕು.
ಟಿಕ್.
ಸಂಜೆ ಆರಕ್ಕೆ ಆ ಸಂಖ್ಯೆಯನ್ನು ರಿಜಿಸ್ಟರಿಗೆ ಇಳಿಸಿ
ಕೆಳಗೆ ಕೆಂಪರಾಜು ಅಂತ ಸಹಿ.

ಗುತ್ತಲು ರಸ್ತೆಯ ಈ ಅಕ್ಕಿ ಗಿರಣಿ ನಿಂತು
ಹತ್ತೊಂಬತ್ತು ವರ್ಷ.
ಈಗಿದು ಸಮಕಾಲೀನ ಕಲೆಯ ಮ್ಯೂಸಿಯಂ.
ಮಂಡ್ಯದವರ ಬಾಯಲ್ಲಿ ಇನ್ನೂ ಮಿಲ್ಲೇ.
'ಮಿಲ್ ತಾವ ಇಳಿಸ್ಬುಡಣ್ಣ' ಅಂದರೆ
ಆಟೋದವನು ಸೀದಾ ಇಲ್ಲಿಗೇ ತಂದು ಬಿಡುತ್ತಾನೆ.

ಮೊದಲ ತಿಂಗಳು ಬಂದದ್ದು
ಹನ್ನೊಂದು ಜನ, ಒಂದು ನಾಯಿ.
ನಾಯಿಗೂ ಒತ್ತಿದ್ದೆ, ಸುಳ್ಳು ಹೇಳುವುದಿಲ್ಲ.
ಭತ್ತದ ಹೊಟ್ಟಿನಲ್ಲಿ ಮಾಡಿದ ಆಳೆತ್ತರದ ಕಿವಿಯೊಂದು
ಎರಡನೇ ಗ್ಯಾಲರಿಯ ನಡುವೆ ಕೂತು
ನನ್ನ ಆಕಳಿಕೆ ಕೇಳಿಸಿಕೊಳ್ಳುತ್ತಿತ್ತು.

ಆಮೇಲೆ ದುಂಡಮ್ಮ ಬಂದಳು.
ಮಾರ್ಕೆಟ್ಟಿಗೆ ಸೊಪ್ಪು ಹಾಕುವವಳು.
ಬುಟ್ಟಿ ಇಳಿಸಿ, ಸೆರಗಲ್ಲಿ ಕತ್ತು ಒರೆಸಿ,
ದನಿ ತಗ್ಗಿಸಿ ಕೇಳಿದಳು:
'ಒಳಗೆ ನೀರಿರೋ ಕಕ್ಕಸು ಐತಂತಲ್ಲ, ಮಗ?'

ಇತ್ತು.
ಬಿಳಿ ಟೈಲು, ಚಿಲಕ ಬೀಳುವ ಬಾಗಿಲು,
ತಿರುಗಿಸಿದರೆ ಬರುವ ನೀರು.
ಬುಟ್ಟಿಗೆ ಟೋಕನ್ ಕೊಟ್ಟೆ, ಹದಿನೇಳನೇ ನಂಬರು.

ಮರುದಿನ ನಾಲ್ವರು. ವಾರ ತುಂಬುವಷ್ಟರಲ್ಲಿ
ಮಾರ್ಕೆಟ್ಟಿನ ಅರ್ಧ ಹೆಣ್ಣುಮಕ್ಕಳು,
ಕೋಳಿ ಕೂಗುವ ಮುಂಚೆ ಮನೆ ಬಿಟ್ಟು
ಬಾಯಾರಿದರೂ ನೀರು ಕುಡಿಯದೆ
ಹೊತ್ತು ಮುಳುಗುವ ತನಕ ತಡೆದುಕೊಂಡು ಬದುಕಿದವರು.
ಟೋಕನ್ ಮುಗಿದು ಮೆಂತ್ಯ, ದಂಟು, ಸಬ್ಬಸಿಗೆ
ಮೆಟ್ಟಿಲ ಮೇಲೇ ಸಾಲಾಗಿ ಕೂತವು.
ಟಿಕ್ ಟಿಕ್ ಟಿಕ್.

ಮೃಣಾಲಿನಿ ಮೇಡಂ ರಿಜಿಸ್ಟರ್ ನೋಡಿ
ಕನ್ನಡಕ ತೆಗೆದರು.
'ಇವರನ್ನೆಲ್ಲ ಎಣಿಸೋ ಹಾಗಿಲ್ಲ, ಕೆಂಪರಾಜು.
ಕಲೆ ನೋಡೋಕೆ ಬಂದವರನ್ನ ಮಾತ್ರ.'
ಸರಿ ಅಂದೆ. ಹೇಗೆ ಅಂತ ಕೇಳಲಿಲ್ಲ.
ಕಕ್ಕಸಿನ ದಾರಿ ಇರುವುದೇ
ಎರಡನೇ ಗ್ಯಾಲರಿ ಹಾದು.
ಹೋಗುವಾಗ ಯಾರೂ ತಲೆ ಎತ್ತುವುದಿಲ್ಲ.
ಬರುವಾಗ ನಡಿಗೆ ನಿಧಾನ.

ಅವತ್ತಿನಿಂದ
ಬರುವಾಗ ಒತ್ತುತ್ತೇನೆ.

ಬರುವಾಗಲೇ ದುಂಡಮ್ಮ ಕೇಳಿದ್ದು:
'ಈ ಕಿವಿಗೆ ಎಷ್ಟಪ್ಪ?'
ಮಾರಾಕಲ್ಲ ಕಣವ್ವ.
'ಮಾರಾಕಲ್ಲ ಅಂದ್ಮೇಲೆ
ಅಂಗಡಿ ಯಾಕಪ್ಪ ತಕ್ಕೊಂಡು ಕುಂತಿದ್ದೀಯೆ?'
ಅತ್ತ ಇತ್ತ ನೋಡಿದಳು, ಬಾಗಿದಳು,
ಆ ಹೊಟ್ಟಿನ ಕಿವಿಯೊಳಕ್ಕೆ ಮುಖವಿಟ್ಟು ಏನೋ ಹೇಳಿದಳು.
ಏನೆಂದು ನನಗೆ ಕೇಳಿಸಲಿಲ್ಲ.
ಕಿವಿಗೆ ಕೇಳಿಸಿತೋ, ಅದೂ ಗೊತ್ತಿಲ್ಲ.
ಪಕ್ಕದ ಫಲಕದಲ್ಲಿ ಕಲಾವಿದರು
ಮೂವತ್ತು ಸಾಲು ಬರೆದಿದ್ದಾರೆ,
ಹೀಗೆ ಮಾಡಬಹುದು ಅಂತ ಎಲ್ಲೂ ಇಲ್ಲ.
ಮುಟ್ಟಬಾರದು ಅಂತ ಇದೆ.
ಈಗ ಕಿವಿಯ ಅಂಚು
ಎಣ್ಣೆ ಹಿಡಿದ ದಿಂಬಿನ ಹಾಗೆ ನುಣುಪಾಗಿದೆ.

ಹಳೇ ಹಮಾಲಿ ಸಣ್ಣಬೋರಯ್ಯ ಒಂದು ದಿನ ಬಂದು
ಯಾವುದನ್ನೂ ನೋಡದೆ
ಮೂಲೆಯ ಗೋಡೆಗೆ ಬೆನ್ನು ಕೊಟ್ಟು ನಿಂತ.
ಇಪ್ಪತ್ತಾರು ವರ್ಷ ಮೂಟೆ ಇಳಿಸಿ ಒರಗಿದ ಜಾಗವಂತೆ.
ಎರಡು ಕೋಟು ಸುಣ್ಣದ ಕೆಳಗಿಂದ
ಅವನ ಬೆನ್ನಿನ ಕಲೆ ಎದ್ದು ಬಂದಿತ್ತು,
ನಾವು ಸೀಲು ಅಂದುಕೊಂಡಿದ್ದೆವು.
ಹೋಗುವಾಗ ಕಿವಿಯಿಂದ ಒಂದು ಎಸಳು ಹೊಟ್ಟು ಕಿತ್ತು
ಹಲ್ಲಿನಲ್ಲಿ ಕಡಿದ.
ಫಲಕದಲ್ಲೇನು ಬರೆದಿದೆ ಅಂದ.
ಮಿಶ್ರ ಮಾಧ್ಯಮ, ಅಂದೆ.
'ಯಾವನ್ಲಾ ಅವನು? ಮಿಶ್ರನೂ ಇಲ್ಲ ಮಣ್ಣೂ ಇಲ್ಲ.
ಬರೀ ಐಆರ್ ಅರವತ್ನಾಲ್ಕು.'

ಹೋದ ಮಂಗಳವಾರ ಮೋಟಾರು ಸುಟ್ಟಿತು.
ನೀರಿಲ್ಲ ಅಂತ ಗೇಟಿಗೇ ರಟ್ಟು ಕಟ್ಟಿದೆವು.
ಹನ್ನೊಂದರವರೆಗೆ ಮೆಟ್ಟಿಲು ಬರಿದು,
ಒಂದು ಕಡ್ಡಿ ಸೊಪ್ಪೂ ಇಲ್ಲ.
ಆಮೇಲೆ ದುಂಡಮ್ಮ, ಒಬ್ಬಳೇ.
ನೀರಿಲ್ಲ ಕಣವ್ವ ಇವತ್ತು.
'ಗೊತ್ತು ಬುಡು' ಅಂದಳು,
ಬುಟ್ಟಿ ಇಳಿಸಿದಳು,
ಟೋಕನ್ನಿಗೆ ಕೈ ಚಾಚಿದಳು.

ಅವಳು ಒಳಗೆ ಹೋದ ದಾರಿಯನ್ನೇ ನೋಡುತ್ತ
ನಾನು ಒತ್ತುವುದು ಮರೆತೆ, ಬರುವಾಗಲೂ ಮರೆತೆ.
ಆ ಮಂಗಳವಾರದ ರಿಜಿಸ್ಟರಿನಲ್ಲಿ
ಒಬ್ಬರು ಕಮ್ಮಿ.